ಥರ್ಮಾಕೋಲ್ ಜ್ವಾಲಾಮುಖಿಗೆ ಧಿಕ್ಕಾರ!

ಶಾಲೆಯ ವಿಜ್ಞಾನ ವಸ್ತುಪ್ರದರ್ಶನ ಅಂದ್ರೆ ಏನು ಹೇಳಿ? ಒಂದು ಥರ್ಮಾಕೋಲ್ ಜ್ವಾಲಾಮುಖಿ, ಅದರ ಬಾಯಿಗೆ ಅಡುಗೆ ಸೋಡಾ, ವಿನಿಗರ್. ಪಕ್ಕದಲ್ಲೊಂದು ಮಳೆನೀರು ಕೊಯ್ಲು. ಹಿಂದೆ ಟೈ ಕಟ್ಟಿಕೊಂಡು ನಿಂತ ಮಗು, ಉರು ಹೊಡೆದ ನಾಲ್ಕು ಸಾಲು. ಕತ್ತರಿಸಿದ್ದು ಅಪ್ಪ, ಅಂಟಿಸಿದ್ದು ಅಮ್ಮ, ಬಣ್ಣ ಬಳಿದಿದ್ದು ಪಕ್ಕದ ಮನೆ ಅಕ್ಕ. ಬಹುಮಾನ ಯಾವುದಕ್ಕೆ? ಎಲ್ಲಕ್ಕಿಂತ ನೀಟಾಗಿ ಕಾಣೋದಕ್ಕೆ!

ಇದನ್ನ ನಾವು 'ಮಕ್ಕಳಿಗೆ ಸಹಾಯ' ಅಂತ ಕರೀತೀವಲ್ಲ, ನನ್ನ ತಕರಾರು ಇರೋದೇ ಅಲ್ಲಿ.

ಒಂದು ಎ4 ಹಾಳೆ ತಗೊಳ್ಳಿ. ಎರಡು ಪುಸ್ತಕದ ರಾಶಿ ಮಧ್ಯೆ ಒಂದು ಗೇಣು ಜಾಗ ಬಿಟ್ಟು ಸೇತುವೆ ಥರ ಇಡಿ. ನಾಲ್ಕು ನಾಣ್ಯಕ್ಕೇ ಕುಸಿಯುತ್ತೆ. ಅದೇ ಹಾಳೆಗೆ ಬೀಸಣಿಗೆ ಥರ ಉದ್ದುದ್ದಕ್ಕೆ ಸಣ್ಣ ಸಣ್ಣ ಮಡಿಕೆ ಹಾಕಿ ಇಡಿ, ಹತ್ತಿಪ್ಪತ್ತು ನಾಣ್ಯ ಆರಾಮಾಗಿ ಹೊರುತ್ತೆ. ಕಾಗದ ಅದೇ, ತೂಕ ಅದೇ, ಎತ್ತರ ಮಾತ್ರ ಹೊಸದು. ಇನ್ನೂ ಹೇರುತ್ತಾ ಹೋದರೆ ಕೊನೆಗೊಮ್ಮೆ ಬೀಳುತ್ತೆ. ಹೇಗೆ ಬೀಳುತ್ತೆ ಅನ್ನೋದೇ ಮಜಾ. ಸಾಮಾನ್ಯವಾಗಿ ಕಾಗದ ಹರಿಯಲ್ಲ, ಮಡಿಕೆಗಳು ಪಕ್ಕಕ್ಕೆ ಬಿಚ್ಚಿಕೊಂಡು ಚಪ್ಪಟೆಯಾಗ್ತವೆ. ಅದನ್ನ ಕಣ್ಣಾರೆ ನೋಡಿದ ಮಗುವಿಗೆ, ಮಡಿಕೆ ಬಿಚ್ಚದ ಹಾಗೆ ಅಡ್ಡಕ್ಕೊಂದು ಪಟ್ಟಿ ಅಂಟಿಸಿದರೆ ಹೇಗೆ ಅಂತ ತಾನೇ ಹೊಳೆಯೋಕೆ ಸಮಯ ಬೇಕು. ಅಷ್ಟರಲ್ಲಿ ಮೇಷ್ಟ್ರು "ಕೊಡೋ ಇಲ್ಲಿ, ನಾನು ತೋರಿಸ್ತೀನಿ" ಅಂದರೋ, ಮುಗೀತು ಕಥೆ. "ಮೊದಲು ಎಲ್ಲಿ ಬಗ್ಗಿತು?" ಅಂತ ಕೇಳಿ ಸುಮ್ಮನೆ ಕೈಕಟ್ಟಿ ನಿಲ್ಲಬೇಕು. ಅದೇ ಸಹಾಯ. (ಕೈಕಟ್ಟಿ ನಿಲ್ಲೋದು ಸುಲಭ ಅಂದುಕೊಂಡವರು ಒಮ್ಮೆ ನಿಂತು ನೋಡಿ!)

ಅರವತ್ತು ಮಕ್ಕಳು, ನಲವತ್ತು ನಿಮಿಷದ ಪೀರಿಯಡ್ಡು, ಸಿಲಬಸ್ ಯಾರು ಮುಗಿಸ್ತಾರೆ ಅಂತೀರಾ? ನ್ಯಾಯವಾದ ಪ್ರಶ್ನೆ, ಒಪ್ಪಿದೆ. ಆದ್ರೆ ಸಾಮಾನಿಲ್ಲ ಅನ್ನೋ ನೆಪ ಮಾತ್ರ ಬೇಡ ಸ್ವಾಮಿ. ಮಧ್ಯಪ್ರದೇಶದ ಹೋಶಂಗಾಬಾದ್ ಜಿಲ್ಲೆಯ ಹಳ್ಳಿ ಶಾಲೆಗಳಲ್ಲಿ 1972ರಲ್ಲೇ ಕೈಯಾರೆ ಮಾಡಿ ಕಲಿಯೋ ವಿಜ್ಞಾನ ಶುರುವಾಗಿತ್ತು. ಐಐಟಿ ಕಾನ್ಪುರದಲ್ಲಿ ಓದಿದ ಅರವಿಂದ ಗುಪ್ತ ಆಮೇಲೆ ಅಲ್ಲಿಗೆ ಹೋಗಿ ಬೆಂಕಿಕಡ್ಡಿ, ಸೈಕಲ್ ವಾಲ್ ಟ್ಯೂಬಿನ ಚೂರುಗಳಲ್ಲಿ ಚೌಕ, ತ್ರಿಕೋನ ಕಟ್ಟಿ ತೋರಿಸಿದರು. ಚೌಕವನ್ನ ಒತ್ತಿದರೆ ವಾಲುತ್ತೆ, ತ್ರಿಕೋನ ಜಗ್ಗಲ್ಲ. ರೈಲ್ವೆ ಸೇತುವೆಯ ಕಬ್ಬಿಣದಲ್ಲಿ ಅಷ್ಟೊಂದು ತ್ರಿಕೋನ ಯಾಕೆ ಅನ್ನೋದಕ್ಕೆ ಇದಕ್ಕಿಂತ ಅಗ್ಗದ ಪಾಠ ಎಲ್ಲಿ ಸಿಗುತ್ತೆ? 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಇತ್ತ 2016ರಲ್ಲಿ ಶುರುವಾದ ಅಟಲ್ ಟಿಂಕರಿಂಗ್ ಲ್ಯಾಬ್ ಯೋಜನೆಯಲ್ಲಿ ಆಯ್ದ ಶಾಲೆಗಳಿಗೆ ತಲಾ 20 ಲಕ್ಷ ರೂಪಾಯಿವರೆಗೆ ಅನುದಾನ, 3ಡಿ ಪ್ರಿಂಟರು. ಸಂತೋಷ, ಬರಲಿ. ಆದ್ರೆ ಪ್ರಿಂಟರ್ ಹಾಳಾದೀತು ಅಂತ ಕೋಣೆಗೆ ಬೀಗ ಹಾಕಬಹುದು, ಹಳೇ ಪೇಪರಿಗೆ ಯಾರೂ ಬೀಗ ಹಾಕಲ್ಲ.

ನನಗ್ಯಾಕೆ ಇಷ್ಟು ಉರಿ ಅಂದ್ರೆ, ಈ ಜ್ವಾಲಾಮುಖಿ ಏಳನೇ ಕ್ಲಾಸಿಗೇ ಆರಿಹೋಗಲ್ಲ. ಅದೇ ಹುಡುಗ ಇಂಜಿನಿಯರಿಂಗ್ ಕೊನೇ ವರ್ಷದಲ್ಲಿ ದುಡ್ಡು ಕೊಟ್ಟು ಪ್ರಾಜೆಕ್ಟ್ ಕೊಳ್ತಾನೆ, ರಿಪೋರ್ಟಿಗೆ ಬೈಂಡ್ ಹಾಕಿಸ್ತಾನೆ, ವೈವಾಗೆ ಮತ್ತೆ ನಾಲ್ಕು ಸಾಲು ಉರು ಹೊಡೀತಾನೆ. ಆಮೇಲೆ ನಮ್ಮ ಟೀಮಿಗೆ ಬರ್ತಾನೆ. ಕೋಡು ಮುರಿದುಬಿದ್ದಾಗ ಎಲ್ಲಿ ಮುರೀತು ಅಂತ ನೋಡೋದು ಬಿಟ್ಟು, ರೆಡಿ ಉತ್ತರ ಯಾರ ಹತ್ರ ಇದೆ ಅಂತ ಹುಡುಕ್ತಾನೆ. ಅವನನ್ನ ಬೈದು ಏನು ಬಂತು?

ಮುಂದಿನ ಸಲ ಯಾವುದಾದ್ರೂ ವಸ್ತುಪ್ರದರ್ಶನಕ್ಕೆ ಹೋದಾಗ, ಪುಟ್ಟ ಭಾಷಣ ಮುಗಿದ ಮೇಲೆ ಒಂದೇ ಒಂದು ಪ್ರಶ್ನೆ ಕೇಳಿ: "ಇದು ಮೊದಲನೇ ಸಲ ಹೇಗೆ ಕೆಟ್ಟಿತ್ತು, ಪುಟ್ಟಾ?" ಉತ್ತರಕ್ಕೆ ಮಗು ಅಪ್ಪನ ಮುಖ ನೋಡ್ತೋ, ಇಲ್ಲಾ ಕಣ್ಣರಳಿಸಿ ಹೇಳೋಕೆ ಶುರು ಮಾಡ್ತೋ, ನನಗೂ ತಿಳಿಸಿ.