ಕಣ್ಣಿನ ಇಂಜೆಕ್ಷನ್: ನೋವು ಬಂದರೆ ಸೋಮವಾರಕ್ಕೆ ಕಾಯಬೇಡಿ

ಶುಗರ್ ಇಲ್ಲದ ಮನೆ ನಮ್ಮಲ್ಲಿ ಈಗ ಕಡಿಮೆ. ಕಾಲಿನ ಗಾಯ, ಕಿಡ್ನಿ ಎಂದರೆ ಎಲ್ಲರಿಗೂ ಹೆದರಿಕೆ ಇದೆ. ಕಣ್ಣಿನ ನೆನಪಾಗುವುದು ಕುರ್‌ಆನಿನ ಅಕ್ಷರ ಮಸುಕಾದಾಗ ಮಾತ್ರ. ಆಗ ಡಾಕ್ಟರು, "ರೆಟಿನಾದಲ್ಲಿ ನೀರು ಕಟ್ಟಿದೆ, ಕಣ್ಣಿನೊಳಗೆ ಇಂಜೆಕ್ಷನ್ ಕೊಡಬೇಕು" ಅನ್ನುತ್ತಾರೆ.

ನನ್ನ ಉಮ್ಮನಿಗೂ ಕೊಟ್ಟರು. ಮೂರು ಸಲ ಏನೂ ಆಗಲಿಲ್ಲ. ನಾಲ್ಕನೆಯದು ಗುರುವಾರ ಆಯಿತು. ಶನಿವಾರ ರಾತ್ರಿ ಕಣ್ಣು ಸಿಡಿಯತೊಡಗಿತು. "ಮಕ್ಕಳಿಗೆ ಯಾಕೆ ಉಪದ್ರ" ಎಂದು ಉಮ್ಮ ಯಾರಿಗೂ ಹೇಳಲಿಲ್ಲ. ಭಾನುವಾರ ಯಾರೋ ಹೇಳಿದರೆಂದು ಪನ್ನೀರು ಬಿಟ್ಟರಂತೆ. ನಾವು ಆಸ್ಪತ್ರೆಗೆ ತಲುಪಿದ್ದು ಸೋಮವಾರ. ಆ ಕಣ್ಣಿಗೆ ಈಗ ಬೆಳಕು ಮಾತ್ರ ಗೊತ್ತಾಗುತ್ತದೆ. ಅವರು ಕೊಟ್ಟ ಚೀಟಿಯಲ್ಲಿ ತುರ್ತು ನಂಬರ್ ಇತ್ತು, ಇಂಗ್ಲಿಷಿನಲ್ಲಿ. ಓದಿ ಹೇಳಬೇಕಾಗಿದ್ದ ನಾನು ಅದನ್ನು ಮಡಚಿ ಕಿಸೆಗೆ ಹಾಕಿದ್ದೆ.

ಇದಕ್ಕೆ ಎಂಡೋಫ್ಥಾಲ್ಮೈಟಿಸ್ ಎನ್ನುತ್ತಾರೆ, ಅಂದರೆ ಕಣ್ಣುಗುಡ್ಡೆಯ ಒಳಗಿನ ಸೋಂಕು. ಅಪರೂಪ, ಸುಮಾರು 2-3 ಸಾವಿರ ಇಂಜೆಕ್ಷನ್‌ಗಳಲ್ಲಿ ಒಂದಕ್ಕೆ. ಆದರೆ ಈ ಚಿಕಿತ್ಸೆ ಒಂದೇ ಸಲಕ್ಕೆ ಮುಗಿಯುವುದಿಲ್ಲ, ಪ್ರತಿ ಸಲವೂ ಅಷ್ಟೇ ಎಚ್ಚರ ಬೇಕು. ಹೆಚ್ಚಾಗಿ ಮೊದಲ ವಾರದೊಳಗೆ ನೋವು ಏರುತ್ತದೆ, ಕಣ್ಣು ಕೆಂಪಾಗುತ್ತದೆ, ಬೆಳಕು ಚುಚ್ಚುತ್ತದೆ, ದೃಷ್ಟಿ ಇಳಿಯುತ್ತದೆ. ಕೆಲವರಿಗೆ ನೋವೇ ಇರುವುದಿಲ್ಲ, ಮಂಜು ಮಾತ್ರ. ಇಂಜೆಕ್ಷನ್ ಆದ ದಿನ ಸ್ವಲ್ಪ ಚುರುಚುರು, ಒಂದು ಕೆಂಪು ಕಲೆ ಇರುವುದು ಸಹಜ. ದಿನದಿಂದ ದಿನಕ್ಕೆ ಹೆಚ್ಚಾದರೆ ಅದು ಬೇರೆಯೇ. ಮೆಡಿಕಲ್‌ನಿಂದ ತಂದ ಡ್ರಾಪ್ಸ್ ಸಾಲದು, ಆ್ಯಂಟಿಬಯೋಟಿಕನ್ನು ಕಣ್ಣಿನೊಳಗೇ ಚುಚ್ಚಬೇಕು, ಅದೂ ಗಂಟೆಗಳ ಲೆಕ್ಕದಲ್ಲಿ.

ತಪ್ಪು ಯಾವಾಗಲೂ ಮನೆಯವರದ್ದೇ ಅಲ್ಲ. ಅವಾಸ್ಟಿನ್ ಎಂಬ ಕ್ಯಾನ್ಸರ್ ಔಷಧದ ಒಂದು ಬಾಟಲಿಯನ್ನು ಹಲವು ಸಿರಿಂಜ್‌ಗಳಿಗೆ ಹಂಚಿ ಕಣ್ಣಿಗೆ ಕೊಡುವುದುಂಟು. ಅಗ್ಗ, ಬಡವರಿಗೆ ಅದೇ ಗತಿ, ಸರಿಯಾಗಿ ಮಾಡಿದರೆ ಒಳ್ಳೆಯದೇ. ಹಂಚುವಲ್ಲಿ ಶುಚಿತ್ವ ತಪ್ಪಿದರೆ ಮಾತ್ರ ಒಂದೇ ದಿನ ಹಲವರ ಕಣ್ಣು ಹೋಗುತ್ತದೆ. 2023ರ ಸೆಪ್ಟೆಂಬರಿನಲ್ಲಿ ಪಾಕಿಸ್ತಾನದ ಪಂಜಾಬಿನಲ್ಲಿ ಈ ಇಂಜೆಕ್ಷನ್ ಪಡೆದ ಹಲವು ಶುಗರ್ ರೋಗಿಗಳು ದೃಷ್ಟಿ ಕಳೆದುಕೊಂಡರು. ಯಾವ ಔಷಧ, ಎಲ್ಲಿ ತುಂಬಿದ್ದು ಎಂದು ಕೇಳುವುದು ಅಧಿಕಪ್ರಸಂಗವಲ್ಲ.

ಹಾಗಂತ ಇಂಜೆಕ್ಷನ್ ಬಿಡಬೇಡಿ. ಬಿಟ್ಟರೆ ಶುಗರೇ ನಿಧಾನವಾಗಿ ಕಣ್ಣನ್ನು ತಿನ್ನುತ್ತದೆ. ಉಮ್ಮನ ಇನ್ನೊಂದು ಕಣ್ಣಿಗೆ ಈಗಲೂ ಕೊಡಿಸುತ್ತಿದ್ದೇವೆ. ಅವರನ್ನು ಒಪ್ಪಿಸಲು ಎರಡು ತಿಂಗಳು ಹಿಡಿಯಿತು.

ಇನ್ನೊಂದು ಮಾತು, ಹೇಳಲು ಸ್ವಲ್ಪ ಹಿಂಜರಿಕೆ. ಆ ದಿನಗಳಲ್ಲಿ ಸುರುಮಾ ಬೇಡ, ಜೇನು ಬೇಡ. ಝಂಝಂ ಕುಡಿಯಿರಿ, ದುಆ ಮಾಡಿ, ಕಣ್ಣಿಗೆ ಬಿಡಬೇಡಿ. ಎಷ್ಟು ದಿನ ಕಣ್ಣಿಗೆ ನೀರು ತಾಗಿಸಬಾರದೆಂದು ಡಾಕ್ಟರನ್ನು ಕೇಳಿ, ಆಮೇಲೆ ವುಝೂ ಹೇಗೆಂದು ಉಸ್ತಾದರನ್ನು ಕೇಳಿ. ರೋಗಿಗೆ ದೀನಿನಲ್ಲಿ ರಿಯಾಯಿತಿ ಇದೆ.

ನಮ್ಮ ಜಮಾಅತ್‌ಗಳು, ಯುವಕರ ಸಂಘಟನೆಗಳು ಕಣ್ಣಿನ ಶಿಬಿರ ಮಾಡುತ್ತವೆ. ಫೋಟೋ ಬರುತ್ತದೆ, ಕನ್ನಡಕ ಹಂಚುತ್ತಾರೆ, ಸಂತೋಷ. ಮುಂದಿನ ಶಿಬಿರದಲ್ಲಿ ಅಂಗೈಯಗಲದ ಒಂದು ಕನ್ನಡ ಚೀಟಿಯನ್ನೂ ಕೊಡಿ: ಯಾವ ಲಕ್ಷಣ, ಯಾವ ನಂಬರ್. ಮಕ್ಕಳು ಗಲ್ಫ್‌ನಲ್ಲಿದ್ದು ಹಿರಿಯರಿಬ್ಬರೇ ಇರುವ ಮನೆಗಳ ಪಟ್ಟಿ ಮಸೀದಿಯಲ್ಲಿ ಹೇಗೂ ಇದೆ. ಅಂಥ ಮನೆಗೆ ರಾತ್ರಿ ಎರಡು ಗಂಟೆಗೆ ಕಾರು ತರುವ ಹುಡುಗ ಯಾರೆಂದು ಇಂಜೆಕ್ಷನ್‌ಗೆ ಮೊದಲೇ ಗೊತ್ತು ಮಾಡಿಡಿ.