ಕೆಳಗೆ ಅಂಗಡಿ, ಮೇಲೆ ಲಾಡ್ಜ್. ಗಲ್ಲಾಪೆಟ್ಟಿಗೆ ಮಾತ್ರ ಖಾಲಿ

ಲಾಡ್ಜ್ ಅಂದ ಕೂಡಲೆ ಬಸ್‌ಸ್ಟ್ಯಾಂಡ್ ಎದುರಿನ ರೂಮು ಬಾಡಿಗೆ ಲಾಡ್ಜ್ ನೆನಪಾಗುವುದು ಸಹಜ. ಅಮೆರಿಕದ ಸಣ್ಣ ಊರುಗಳಲ್ಲಿ ಲಾಡ್ಜ್ ಅಂದರೆ ಸದಸ್ಯರು ಒಬ್ಬರನ್ನೊಬ್ಬರು ‘ಬ್ರದರ್’ ಅಂತ ಕರೆದುಕೊಳ್ಳುವ ಸಂಘ. ಲಾಭದ ಮಾತಿಲ್ಲ, ಲೆಕ್ಕದ ಪುಸ್ತಕ ಮಾತ್ರ ತಪ್ಪಿದ್ದಲ್ಲ. ಅಂಥ ಎಷ್ಟೋ ಲಾಡ್ಜ್‌ಗಳು ಬಾಗಿಲು ಹಾಕಿದ್ದಕ್ಕೆ ಕಾರಣವೂ ಆ ಪುಸ್ತಕದಲ್ಲೇ ಇದೆ.

ಆಡ್ ಫೆಲೋಸ್ ಸಂಘವನ್ನೇ ನೋಡಿ. ಥಾಮಸ್ ವೈಲ್ಡಿ ಎಂಬಾತ 1819ರಲ್ಲಿ ಬಾಲ್ಟಿಮೋರ್‌ನಲ್ಲಿ ಶುರುಮಾಡಿದ್ದು. ಸದಸ್ಯ ವಂತಿಗೆ ಕಟ್ಟಬೇಕು. ಕಾಯಿಲೆ ಬಿದ್ದು ಕೆಲಸ ತಪ್ಪಿದರೆ ಲಾಡ್ಜ್ ವಾರಕ್ಕೆ ಇಷ್ಟು ಅಂತ ಕೊಡುತ್ತಿತ್ತು. ಸತ್ತರೆ ಮಣ್ಣಿನ ಖರ್ಚು. ವಿಮೆ, ಪಿಂಚಣಿ ಎರಡೂ ಇಲ್ಲದ ದುಡಿಮೆಗಾರನಿಗೆ ಅದೇ ದೊಡ್ಡ ಆಸರೆ. ಆದರೆ ಲೆಕ್ಕ ನಿಂತಿದ್ದು ಹರೆಯದವರ ಮೇಲೆ. ವಯಸ್ಸಾದವರ ಕಾಯಿಲೆ ಖರ್ಚು ಹುಡುಗರ ವಂತಿಗೆಯಿಂದ ಸರಿದೂಗಬೇಕು. ಅಷ್ಟರಲ್ಲಿ ಕಂಪನಿಗಳ ಗುಂಪು ವಿಮೆ ಬಂತು, 1929ರ ಆರ್ಥಿಕ ಕುಸಿತ ಬಂತು, 1935ರಲ್ಲಿ ಸರ್ಕಾರವೇ ಸೋಷಿಯಲ್ ಸೆಕ್ಯೂರಿಟಿ ಕಾಯಿದೆ ತಂದಿತು. ಇನ್ನು ಹುಡುಗರು ಯಾಕೆ ಬರ್ತಾರೆ?

ಉಳಿದದ್ದು ಕಟ್ಟಡ. ಹಳೇ ಸದಸ್ಯರು ಜಾಣರು. ಪೇಟೆ ಬೀದಿಯಲ್ಲೇ ಎರಡು-ಮೂರು ಅಂತಸ್ತು ಎಬ್ಬಿಸಿ, ಕೆಳಗಡೆ ಅಂಗಡಿಗಳಿಗೆ ಬಾಡಿಗೆ ಕೊಟ್ಟು, ಮೇಲೆ ಸಭೆ ನಡೆಸುತ್ತಿದ್ದರು. ವಂತಿಗೆ ಇಳಿದಾಗ ಎಷ್ಟೋ ಕಡೆ ಲಾಡ್ಜ್‌ನ ಕೈಹಿಡಿದದ್ದು ಕೆಳಗಿನ ಅಂಗಡಿಯವನ ಬಾಡಿಗೆಯೇ! ಆದರೆ ಮಾಡು ಸೋರುವುದು ಸದಸ್ಯರ ಸಂಖ್ಯೆ ನೋಡಿಕೊಂಡಲ್ಲ. ನೂರು ಜನ ಹಂಚಿಕೊಳ್ಳುವ ರಿಪೇರಿ ಖರ್ಚು ಇಪ್ಪತ್ತು ಜನರ ಮೇಲೆ ಬಿದ್ದರೆ ತಲೆಗೆ ಐದು ಪಟ್ಟು. ವಂತಿಗೆ ಏರಿಸಿದರೆ ಇದ್ದವರೂ ಕಾಲ್ತೆಗೆಯುತ್ತಾರೆ, ಏರಿಸದಿದ್ದರೆ ಇಡುಗಂಟು ಕರಗುತ್ತದೆ. ಇದರ ಮೇಲೆ ರಾಜ್ಯಮಟ್ಟದ ಗ್ರ್ಯಾಂಡ್ ಲಾಡ್ಜ್‌ಗೆ ವರ್ಷವರ್ಷ ತಲೆಲೆಕ್ಕದ ಹಣ ಬೇರೆ.

ದೊಡ್ಡವರ ಕಥೆಯೂ ಅಷ್ಟೆ. ಅಮೆರಿಕದ ಫ್ರೀಮೇಸನರು 1959ರಲ್ಲಿ ಸುಮಾರು 41 ಲಕ್ಷ ಇದ್ದರು. 2020ರ ಹೊತ್ತಿಗೆ ಹತ್ತು ಲಕ್ಷಕ್ಕಿಂತ ಕೆಳಗೆ.

ತೆರಿಗೆ ಇಲಾಖೆಯದ್ದು ಇನ್ನೊಂದು ಕಾಟ. ವರ್ಷದ ಒಟ್ಟು ವಸೂಲಿ ಸಾಮಾನ್ಯವಾಗಿ 50,000 ಡಾಲರ್ ಮೀರದ ಸಣ್ಣ ಸಂಘಕ್ಕೆ ಪೋಸ್ಟ್‌ಕಾರ್ಡಿನಷ್ಟು ವಿವರ ಕೊಟ್ಟರೆ ಸಾಕು. ಅದನ್ನೂ ಸತತ ಮೂರು ವರ್ಷ ಮರೆತರೆ ತೆರಿಗೆ ವಿನಾಯಿತಿ ತಾನಾಗಿಯೇ ರದ್ದು. 2011ರಲ್ಲಿ ಹೀಗೆ ಎಲ್ಲ ಬಗೆಯವೂ ಸೇರಿ ಸುಮಾರು 2.75 ಲಕ್ಷ ಸಂಘ-ಸಂಸ್ಥೆಗಳ ಹೆಸರು ಪಟ್ಟಿಗೆ ಬಿತ್ತು. ಎಂದೋ ಬೀಗ ಬಿದ್ದವೂ ಅದರಲ್ಲಿ ಬಹಳ ಅನ್ನಿ.

ಕೊನೆಗೆ ಲಾಡ್ಜ್ ಮುಚ್ಚಿದರೆ ಕಟ್ಟಡ ಯಾರಿಗೆ? ವಂತಿಗೆ ಕಟ್ಟಿದವರ ಮಕ್ಕಳಿಗಲ್ಲ, ಬಾಡಿಗೆ ಕೊಟ್ಟು ಕಾಪಾಡಿದ ಅಂಗಡಿಯವನಿಗಂತೂ ಅಲ್ಲವೇ ಅಲ್ಲ. ಸಾಮಾನ್ಯವಾಗಿ ಅದು ಗ್ರ್ಯಾಂಡ್ ಲಾಡ್ಜ್ ಪಾಲು.