ಹನ್ನೊಂದು ದಿನಗಳಲ್ಲಿ ಏಳು ಸಂಪುಟ

ಕಳೆದ ಬೇಸಿಗೆ ರಜೆಯಲ್ಲಿ ಮಣಿಪಾಲದ ಮಗಳ ಮನೆಗೆ ಹೋಗಿದ್ದಾಗ ಅಳಿಯಂದಿರು ಹೆಮ್ಮೆಯಿಂದ ಹೇಳಿದರು: “ಮಾವ, ನಿಮ್ಮ ಪುಳ್ಳಿ ಹ್ಯಾರಿ ಪಾಟರ್‌ನ ಏಳೂ ಪುಸ್ತಕಗಳನ್ನು ಹನ್ನೊಂದೇ ದಿನಗಳಲ್ಲಿ ಮುಗಿಸಿದಳು!” ಶಾಲೆಯಲ್ಲಿ ರಜಾಕಾಲದ ಓದಿಗೆ ಸ್ಪರ್ಧೆಯಂತೆ; ಪುಟಗಳ ಲೆಕ್ಕದಲ್ಲಿ ಬಹುಮಾನವಂತೆ.

ನಾನು ಹುಡುಗಿಯನ್ನು ಕೇಳಿದೆ: “ನಾಲ್ಕನೆಯ ಪುಸ್ತಕದ ಕೊನೆಗೆ ವೋಲ್ಡೆಮಾರ್ಟ್ ಮರಳಿ ಬಂದನಲ್ಲ ಮಗಾ, ಆಗ ಏನು ಮಾಡಿದೆ?”

“ಐದನೆಯದ್ದು ತೆಗೆದೆ ಅಜ್ಜ.”

ತಪ್ಪು ಅವಳದಲ್ಲ, ಓದನ್ನು ಓಟದ ಪಂದ್ಯವಾಗಿಸಿದ ಹಿರಿಯರದು. ಆ ನಾಲ್ಕನೆಯ ಸಂಪುಟ ಪ್ರಕಟವಾದದ್ದು 2000ದ ಜುಲೈಯಲ್ಲಿ, ಐದನೆಯದು 2003ರ ಜೂನ್‌ನಲ್ಲಿ. ನಡುವಣ ಮೂರು ವರ್ಷ ಇದೇ ಹುಡುಗಿಯ ತಾಯಿ ಆ ಭಯವನ್ನು ಒಡಲಲ್ಲಿಟ್ಟುಕೊಂಡು ಬೆಳೆದಳು. ಸ್ನೇಪ್ ಒಳ್ಳೆಯವನೋ ಕೆಟ್ಟವನೋ ಎಂದು ಊಟದ ಮಣೆಯ ಮೇಲೆ ಕುಳಿತು ನನ್ನೊಡನೆ ವಾದಿಸಿದಳು. ತೀರ್ಪು ಬಂದದ್ದು 2007ರಲ್ಲಿ. (ಸೋತವನು ನಾನು.) ಆ ವಾದಗಳೂ ಪುಸ್ತಕದ ಭಾಗಗಳೇ ಎಂಬುದು ನನ್ನ ಹಟ. ಹನ್ನೊಂದು ದಿನಗಳಲ್ಲಿ ಓದಿದವರ ಪ್ರತಿಯಲ್ಲಿ ಅವು ಇಲ್ಲ.

“ಅದು ಪ್ರಕಾಶಕರು ಹೇರಿದ ಕಾಯುವಿಕೆ, ನಿಮ್ಮ ಸಂಯಮವಲ್ಲ” ಎಂದು ಅಳಿಯಂದಿರ ಆಕ್ಷೇಪ. ಒಪ್ಪಿದೆ. ಕಾರ್ಕಳದ ನನ್ನ ಬಾಲ್ಯದಲ್ಲಿ ‘ಚಂದಮಾಮ’ದ ಒಂದು ಪ್ರತಿಗೆ ಆರು ಮಂದಿ ಹಕ್ಕುದಾರರಿದ್ದೆವು, ಧಾರಾವಾಹಿಯ ನಾಯಕ ರಾಕ್ಷಸನ ಗುಹೆಯ ಬಾಗಿಲಲ್ಲಿ ಒಂದು ತಿಂಗಳು ನಿಂತೇ ಇರುತ್ತಿದ್ದ. ಅದು ತಪಸ್ಸಲ್ಲ, ಕೈಯಲ್ಲಿ ಕಾಸಿಲ್ಲದ ಸ್ಥಿತಿ. ಬಡತನವನ್ನು ಸದ್ಗುಣವೆಂದು ಬಣ್ಣಿಸುವ ನಿವೃತ್ತರ ಚಾಳಿ ನನಗೆ ಸೇರದು. ಆದರೆ ಗದ್ದೆಯ ಹುಣಿಯ ಮೇಲೆ ಶಾಲೆಗೆ ನಡೆಯುತ್ತ ಮುಂದಿನ ಕಂತನ್ನು ನಾವೇ ಕಟ್ಟುತ್ತಿದ್ದೆವು. ಸಂಚಿಕೆ ಬಂದಾಗ ಕೆಲವೊಮ್ಮೆ ಲೇಖಕರದ್ದೇ ಸಪ್ಪೆಯೆನಿಸುತ್ತಿತ್ತು!

ಇನ್ನು, ಯಾರ ಬಲವಂತವೂ ಇಲ್ಲದೆ ನಿಧಾನಿಸಿದವನೊಬ್ಬ ನಮ್ಮ ಕಾರ್ಕಳ ತಾಲೂಕಿನಲ್ಲೇ ಇದ್ದ: ನಂದಳಿಕೆಯ ಲಕ್ಷ್ಮೀನಾರಣಪ್ಪ, ಅರ್ಥಾತ್ ಮುದ್ದಣ. ‘ರಾಮಾಶ್ವಮೇಧ’ದ ಕುದುರೆ ಎಲ್ಲಿಗೆ ಹೋಗಿ ಮುಟ್ಟುತ್ತದೆಂದು ಆತನಿಗೆ ಗೊತ್ತು. ನೇರವಾಗಿ ಓಡಿಸಬಹುದಿತ್ತು. ಓಡಿಸದೆ ಮನೋರಮೆಯನ್ನು ಎದುರು ಕೂರಿಸಿದ. ಅವಳು ತಡೆಯುತ್ತಾಳೆ, ಅರ್ಥ ಕೇಳುತ್ತಾಳೆ, ಕೆಣಕುತ್ತಾಳೆ. 1901ರಲ್ಲಿ, ಮೂವತ್ತರ ಆಸುಪಾಸಿನಲ್ಲೇ ತೀರಿಕೊಂಡ ಕವಿ ಆತ. ಅವಸರಪಡುವ ಹಕ್ಕು ಯಾರಿಗಾದರೂ ಇದ್ದರೆ ಅವನಿಗಿತ್ತು. ಇಂದು ಕುದುರೆಯ ದಾರಿ ಎಷ್ಟು ಮಂದಿಗೆ ನೆನಪಿದೆ? ಮನೋರಮೆಯನ್ನು ಮರೆತವರಿಲ್ಲ.

ಆ ಸಲ್ಲಾಪವನ್ನು ನಾನು ತರಗತಿಯಲ್ಲಿ ಹೇಗೆ ಕಲಿಸಿದೆನೆಂದೂ ಹೇಳಿಬಿಡಬೇಕು. ಪಾಠ ಮುಗಿಯಬೇಕು, ಪರೀಕ್ಷೆ ಹತ್ತಿರ. ಎರಡು ಪೀರಿಯಡ್, ಐದು ಅಂಕದ ಒಂದು ಪ್ರಶ್ನೆ. ನಡುವೆ ಎದ್ದು ನಿಂತು ಅರ್ಥ ಕೇಳಿದ ಹುಡುಗಿಯೊಬ್ಬಳನ್ನು “ಕೊನೆಗೆ ಕೇಳು” ಎಂದು ಕೂರಿಸಿದ್ದೆ. ಕೊನೆಗೆ ಗಂಟೆ ಹೊಡೆಯಿತು. ಮನೋರಮೆಯ ಪಾಠದಲ್ಲೇ ಮನೋರಮೆಯ ಬಾಯಿ ಮುಚ್ಚಿಸಿದವನು ನಾನು. ಪುಟ ಎಣಿಸುವವರನ್ನು ಬೈಯುವಾಗ ಮೊದಲ ಏಟು ನನಗೇ ಬೀಳುತ್ತದೆ.

ಈಗ ಭಾನುವಾರಗಳಂದು ಪುಳ್ಳಿ ನಮ್ಮ ಕಾಪುವಿನ ಮನೆಗೆ ಬರುತ್ತಾಳೆ. ಮೊದಲ ಸಂಪುಟದಿಂದ ಮತ್ತೆ ಆರಂಭ, ವಾರಕ್ಕೊಂದೇ ಅಧ್ಯಾಯ. ಮೊನ್ನೆ ಮೂರನೆಯದು. ಕಡಲ ನಡುವಿನ ಬಂಡೆಯ ಮೇಲಿನ ಗುಡಿಸಲು, ನಡುರಾತ್ರಿ, ಬಿರುಗಾಳಿ. ಯಾರೋ ಬಾಗಿಲು ಬಡಿಯುತ್ತಿದ್ದಾರೆ. ಪುಸ್ತಕ ಮುಚ್ಚಿದೆ.

“ಯಾರೂಂತ ನನಗೆ ಗೊತ್ತುಂಟು ಅಜ್ಜ.”

“ನನಗೂ ಗೊತ್ತುಂಟು. ಬರುವ ಭಾನುವಾರ ತೆರೆಯುವ.”